ಪ್ರೊ ಆದ ಮೇಲೆ ಮೊದಲ ಮೂರು ವರ್ಷ: ಕೆಳಹಂತದ ಗಾಲ್ಫ್ ಟೂರ್‌ಗಳ ಲೆಕ್ಕಾಚಾರ (ಗಡಿನಾಡ ಹುಡುಗ–ಹುಡುಗಿಯರಿಗಾಗಿ)

ಕುಂಬಳೆ ಕಡಲು
ಕುಂಬಳೆ, ಉಪ್ಪಳ, ಮಂಜೇಶ್ವರ ಕಡೆಯವರಿಗೆ ಗಾಲ್ಫ್ ಎಂದರೆ ಮಂಗಳೂರಿನ ಪಿಲಿಕುಳ. ಅಲ್ಲಿ ಅಭ್ಯಾಸ ಮಾಡುವ ನಮ್ಮ ಕಡೆಯ ಕೆಲವು ಮಕ್ಕಳು ಈಗ ಪಿಯುಸಿ ಮುಗಿಸಿದ್ದಾರೆ. 18 ಹೋಲಿನ ಒಂದು ಸುತ್ತಿಗೆ 72, 74 ಹೊಡೆತ ಹೊಡೆಯುತ್ತಾರೆ. ಮನೆಯವರು ಕೇಳುವುದು ಒಂದೇ ಮಾತು: "ಪ್ರೊ ಆದರೆ ಸಂಬಳ ಎಷ್ಟು?" ಟಿವಿಯಲ್ಲಿ ಕಾಣುವ ದೊಡ್ಡ ಪಂದ್ಯಗಳ ಬಗ್ಗೆ ಎಲ್ಲರಿಗೂ ಗೊತ್ತು. ಅದರ ಕೆಳಗಿನ ಮೆಟ್ಟಿಲುಗಳ ಬಗ್ಗೆ ಕನ್ನಡದಲ್ಲಿ ಒಂದೇ ಕಡೆ ಎಲ್ಲೂ ಸಿಗುವುದಿಲ್ಲ. ಬಲ್ಲವರು ಬರೆಯಬೇಕು. ಅನುಭವದ ಕಥೆ ಬೇಡ, ಕ್ರಮ ಮತ್ತು ಲೆಕ್ಕ ಸಾಕು.

ಹೊಸೂರು ಫೇರ್‌ವೇ
ಸಂಬಳ ಇಲ್ಲ. ಇದನ್ನು ಮನೆಯವರಿಗೆ ಮೊದಲ ದಿನವೇ ಹೇಳಿಬಿಡಿ. ಟೂರ್ ಎಂದರೆ ವರ್ಷವಿಡೀ ಊರೂರಲ್ಲಿ ನಡೆಯುವ ಪಂದ್ಯಗಳ ಸರಣಿ, ಅದರಲ್ಲಿ ಆಡುವವನು ಯಾರ ನೌಕರನೂ ಅಲ್ಲ. ಪ್ರಯಾಣ, ಕೋಣೆ, ಕ್ಯಾಡಿ (ಬ್ಯಾಗ್ ಹೊರುವ ಸಹಾಯಕ), ಪ್ರವೇಶ ಶುಲ್ಕ ಎಲ್ಲವೂ ಅವನದೇ. ಎರಡು ದಿನ ಆಡಿ ಕಟ್ (ಮುಂದಿನ ಸುತ್ತುಗಳಿಗೆ ಉಳಿಯುವ ಗಡಿ) ದಾಟದಿದ್ದರೆ ಆ ವಾರದ ಗಳಿಕೆ ಸೊನ್ನೆ.

ಈಗ ಮೆಟ್ಟಿಲು. ನಮ್ಮ ದೇಶದ ಮುಖ್ಯ ಟೂರ್ ಪಿಜಿಟಿಐ (ಪ್ರೊಫೆಷನಲ್ ಗಾಲ್ಫ್ ಟೂರ್ ಆಫ್ ಇಂಡಿಯಾ), ಶುರುವಾದದ್ದು 2006ರಲ್ಲಿ. ಅದಕ್ಕೆ ಬಾಗಿಲು ಕ್ಯೂ-ಸ್ಕೂಲ್ ಎಂಬ ಅರ್ಹತಾ ಪಂದ್ಯ. ಮೊದಲು ಪ್ರಿ-ಕ್ವಾಲಿಫೈಯಿಂಗ್, ಅದು 36 ಹೋಲ್. ಅಲ್ಲಿ ಗೆದ್ದವರಿಗೆ ಫೈನಲ್, ಅದು 72 ಹೋಲ್. ಈಚಿನ ವರ್ಷಗಳಲ್ಲಿ ಅಹಮದಾಬಾದ್ ಕಡೆ ನಡೆದಿದೆ. ಕಾರ್ಡ್ (ಟೂರ್‌ನಲ್ಲಿ ಆಡುವ ಹಕ್ಕು) ಸಿಕ್ಕಿತು ಎಂದರೆ ಎಲ್ಲ ಪಂದ್ಯವೂ ಸಿಕ್ಕಿತು ಎಂದಲ್ಲ, ಎಡವುವುದು ಇಲ್ಲೇ. ಪ್ರತಿ ಪಂದ್ಯಕ್ಕೂ ಒಂದು ಸರದಿ ಪಟ್ಟಿ ಇರುತ್ತದೆ: ಹಿಂದಿನ ವಿಜೇತರು, ಆರ್ಡರ್ ಆಫ್ ಮೆರಿಟ್‌ನ (ವರ್ಷದ ಗಳಿಕೆಯ ಪಟ್ಟಿ) ಮೊದಲ 60, ಆಮೇಲೆ ಕ್ಯೂ-ಸ್ಕೂಲ್‌ನಿಂದ ಬಂದವರು ಅವರವರ ಸ್ಥಾನದ ಪ್ರಕಾರ. ಕ್ಯೂ-ಸ್ಕೂಲ್‌ನಲ್ಲಿ 5ನೆಯವನಾಗಿ ಬಂದವನಿಗೂ 30ನೆಯವನಾಗಿ ಬಂದವನಿಗೂ ವರ್ಷದಲ್ಲಿ ಸಿಗುವ ಪಂದ್ಯಗಳ ಸಂಖ್ಯೆ ಒಂದೇ ಆಗಿರುವುದಿಲ್ಲ. ಆದ್ದರಿಂದ ಕ್ಯೂ-ಸ್ಕೂಲ್‌ನ ಕೊನೆಯ ಸುತ್ತಿನಲ್ಲಿ "ಹೇಗೂ ಕಾರ್ಡ್ ಬಂತು" ಎಂದು ಕೈಬಿಟ್ಟು ಆಡಬಾರದು. ಕೊನೆಯ ನಾಲ್ಕು ಹೋಲಿನಲ್ಲಿ ಬಿಟ್ಟ ಎರಡು ಹೊಡೆತಕ್ಕೆ ಇಡೀ ವರ್ಷ ಬೆಲೆ ತೆರಬೇಕಾಗುತ್ತದೆ.

2024ರಿಂದ ಇದರ ಕೆಳಗೆ ಪಿಜಿಟಿಐ ನೆಕ್ಸ್‌ಜೆನ್ ಎಂಬ ಫೀಡರ್ ಟೂರ್ ಇದೆ. ಪೂರ್ತಿ ಕಾರ್ಡ್ ಸಿಗದವರು ಅಲ್ಲಿ ಆಡಿ ಮೇಲೆ ಬರಬಹುದು. ಹೊಸಬರಿಗೆ ಇದು ನಿಜಕ್ಕೂ ಉಪಯೋಗ. ಮೊದಲು ಕಾರ್ಡ್ ತಪ್ಪಿದರೆ ಇಡೀ ವರ್ಷ ಕೈಕಟ್ಟಿ ಕೂರಬೇಕಿತ್ತು.

ತಾಳವಾಡಿ ಬೆಟ್ಟ
72, 74 ಎಲ್ಲಿ ಹೊಡೆದದ್ದು ಎಂದು ಕೇಳಿ. ತಮ್ಮದೇ ಅಂಗಳದಲ್ಲಿ, ಗೆಳೆಯರ ಜೊತೆ, ಮುಂದಿನ ಟೀ (ಹೋಲ್ ಶುರುವಾಗುವ ಜಾಗ) ಇಟ್ಟು ಹೊಡೆದ 72ಕ್ಕೂ ಪಂದ್ಯದಲ್ಲಿ ಹಿಂದಿನ ಟೀಯಿಂದ, ಎರಡು ಅಡಿಯ ಪಟ್ (ಕುಳಿಯತ್ತ ಉರುಳಿಸುವ ಹೊಡೆತ) ಕೂಡ ಆಡಿಯೇ ಮುಗಿಸಿ ಹೊಡೆದ 72ಕ್ಕೂ ನಾಲ್ಕೈದು ಹೊಡೆತದ ಅಂತರ. ಅಳೆಯಬೇಕಾದದ್ದು ಒಂದೇ: ಗೊತ್ತಿಲ್ಲದ ಅಂಗಳದಲ್ಲಿ, ಪಂದ್ಯದಲ್ಲಿ ಆಡಿದ ಕೊನೆಯ 20 ಸುತ್ತಿನ ಸರಾಸರಿ. ಅದು ಪಾರ್‌ಗಿಂತ (ಅಂಗಳಕ್ಕೆ ನಿಗದಿಯಾದ ಹೊಡೆತಗಳ ಸಂಖ್ಯೆ) ಮೇಲಿದ್ದರೆ ಪ್ರೊ ಆಗುವ ಮಾತು ಈಗ ಬೇಡ. ಭಾರತೀಯ ಗಾಲ್ಫ್ ಒಕ್ಕೂಟದ ಅಮೆಚೂರ್ (ಹವ್ಯಾಸಿ) ಪಂದ್ಯಗಳನ್ನು ಇನ್ನೂ ಎರಡು ವರ್ಷ ಆಡಲಿ.

ಬದಿಯಡ್ಕ ಲೆಕ್ಕ
ಅಮೆಚೂರ್ ಸ್ಥಾನದ ಬಗ್ಗೆ ಒಂದು ಸೇರಿಸುತ್ತೇನೆ. 2022ರ ಜನವರಿಯಿಂದ ನಿಯಮ ಬದಲಾಗಿದೆ. ಹ್ಯಾಂಡಿಕ್ಯಾಪ್ (ಆಟದ ಮಟ್ಟ ನೋಡಿ ಕೊಡುವ ಹೊಡೆತದ ರಿಯಾಯಿತಿ) ಇಲ್ಲದ ಸ್ಕ್ರಾಚ್ ಸ್ಪರ್ಧೆಯಲ್ಲಿ ಅಮೆಚೂರ್ 1,000 ಡಾಲರ್‌ವರೆಗೆ ಬಹುಮಾನ, ಹಣದ ರೂಪದಲ್ಲೂ, ತೆಗೆದುಕೊಳ್ಳಬಹುದು. ಅದಕ್ಕಿಂತ ಹೆಚ್ಚು ತೆಗೆದುಕೊಂಡರೆ, ಪ್ರೊ ಆಗಿ ಆಡಿದರೆ, ಹಣ ಪಡೆದು ಕಲಿಸಿದರೆ, ಪ್ರೊಗಳ ಸಂಘದ ಸದಸ್ಯತ್ವ ಇಟ್ಟುಕೊಂಡರೆ ಅಮೆಚೂರ್ ಸ್ಥಾನ ಹೋಗುತ್ತದೆ. ಕ್ಯೂ-ಸ್ಕೂಲ್‌ಗೆ ಅಮೆಚೂರ್ ಆಗಿಯೇ ಇಳಿದು, ಕಾರ್ಡ್ ಬಂದ ಮೇಲೆ ತೀರ್ಮಾನಿಸುವುದಕ್ಕೆ ಆ ನಿಯಮಗಳು ಅಡ್ಡಿಯಿಲ್ಲ. ಪ್ರವೇಶ ಅರ್ಜಿಯಲ್ಲಿ "ಪ್ರೊಫೆಷನಲ್" ಎಂಬ ಚೌಕಕ್ಕೆ ಅವಸರದಲ್ಲಿ ಗುರುತು ಹಾಕಬೇಡಿ. ವಾಪಸ್ ಅಮೆಚೂರ್ ಆಗಬೇಕೆಂದರೆ ಅರ್ಜಿ, ಕಾಯುವ ಅವಧಿ ಎಲ್ಲ ಇದೆ, ಸಾಮಾನ್ಯವಾಗಿ 6 ತಿಂಗಳು.

ಹಣದ ವಿಷಯ. ಪಿಜಿಟಿಐನಲ್ಲಿ 1 ಕೋಟಿ ಬಹುಮಾನದ ಪಂದ್ಯ ಎಂದರೆ ಗೆದ್ದವನಿಗೆ 15 ಲಕ್ಷ. 120ರ ಆಸುಪಾಸು ಆಟಗಾರರು ಇಳಿಯುತ್ತಾರೆ, ಎರಡು ಸುತ್ತಿನ ನಂತರ ಮೊದಲ 50 ಮತ್ತು ಅದೇ ಅಂಕದವರು ಮಾತ್ರ ಉಳಿಯುತ್ತಾರೆ. ಉಳಿದ ಹಣ ಆ 50 ಜನರಲ್ಲಿ ಹಂಚಿಹೋಗುವ ರೀತಿ ಬೆಟ್ಟದ ಇಳಿಜಾರಿನಂತೆ: ಮೇಲೆ ಬಹಳ ಕಡಿದು, 20ನೆಯ ಸ್ಥಾನದ ನಂತರ ಹೆಚ್ಚುಕಡಿಮೆ ಸಮತಟ್ಟು. ಹಾಗಾಗಿ ಎಲ್ಲ ವಾರವೂ 40ನೆಯವನಾಗಿ ಮುಗಿಸುವವನಿಗಿಂತ ನಾಲ್ಕು ವಾರ ಕಟ್ ದಾಟದೆ ಐದನೆಯ ವಾರ 3ನೆಯವನಾಗುವವನ ಕೈಯಲ್ಲಿ ಹೆಚ್ಚು ಹಣ ಇರುತ್ತದೆ.

ಖರ್ಚನ್ನು ಹೀಗೆ ಬರೆದಿಟ್ಟುಕೊಳ್ಳಿ. ಭಾನುವಾರ ಹೊರಟು ಶನಿವಾರ ಮನೆ. ಪಿಜಿಟಿಐ ಪಂದ್ಯ ಹೆಚ್ಚಾಗಿ ಮಂಗಳವಾರದಿಂದ ಶುಕ್ರವಾರ. ಆರು ರಾತ್ರಿ ಇಬ್ಬರು ಹಂಚಿಕೊಂಡ ಕೋಣೆ, ಹೋಗಿಬರುವ ಪ್ರಯಾಣ, ಸ್ಥಳೀಯ ಕ್ಯಾಡಿಯ ದಿನಗೂಲಿ ಐದು ದಿನ, ಊಟ, ಶುಲ್ಕ. ವಾರಕ್ಕೆ 50,000 ಎಂದು ಹಿಡಿದರೆ 20 ವಾರಕ್ಕೆ 10 ಲಕ್ಷ. ಕೋಚ್, ಫಿಸಿಯೊ, ಗ್ರಿಪ್, ವೆಜ್ (ಹತ್ತಿರದ ಹೊಡೆತದ ಕ್ಲಬ್), ಚೆಂಡು ಇದರ ಹೊರಗೆ. ಸೀಸನ್ ಶುರುವಾಗುವ ಮೊದಲೇ ಕನಿಷ್ಠ 12 ವಾರದ ಖರ್ಚು ಬೇರೆ ಖಾತೆಯಲ್ಲಿ ಇರಲಿ. ಮುಂದಿನ ವಾರದ ರೈಲು ಟಿಕೆಟ್ ಈ ವಾರದ ಪಟ್ಟಿನ ಮೇಲೆ ನಿಂತಿದ್ದರೆ ಆ ಪಟ್ ಬೀಳುವುದಿಲ್ಲ.

ಪ್ರಾಯೋಜಕರು ಸಿಕ್ಕರೆ ಕರಾರು ಬರಹದಲ್ಲಿರಲಿ. ನಾಲ್ಕು ವಿಷಯ ಸ್ಪಷ್ಟವಾಗಿರಬೇಕು: ಎಷ್ಟು ಹಣ ಯಾವ ತಿಂಗಳಲ್ಲಿ; ಬಹುಮಾನದಲ್ಲಿ ಅವರ ಪಾಲು ಶೇಕಡಾ ಎಷ್ಟು, ಅದಕ್ಕೆ ಮೇಲಿನ ಮಿತಿ ಏನು; ಯಾವ ದಿನಾಂಕಕ್ಕೆ ಮುಗಿಯುತ್ತದೆ; ಗಳಿಕೆ ಆಗದಿದ್ದರೆ ಅದು ಸಾಲ ಅಲ್ಲ ಎಂಬ ಸಾಲು. ನಾಲ್ಕನೆಯದು ಇಲ್ಲದ ಕರಾರಿಗೆ ಸಹಿ ಹಾಕಬಾರದು, ಅದು ಊರಿನ ಹಿರಿಯರೇ ಕೊಟ್ಟ ಹಣವಾದರೂ. ಮನೆಯ ಅಡಿಕೆ ತೋಟ ಅಡವಿಟ್ಟು ಮಗನನ್ನು ಟೂರ್‌ಗೆ ಕಳಿಸುವುದಂತೂ ಖಂಡಿತ ಬೇಡ.

ಉದಕಮಂಡಲ ಹಸಿರು
ಎತ್ತರದ ಲೆಕ್ಕ ಯಾರೂ ಹೇಳಿಲ್ಲ. ಗಡಿನಾಡಿನವರಿಗೆ ಇದು ಬಹಳ ಮುಖ್ಯ, ಯಾಕೆಂದರೆ ನಾವು ಅಭ್ಯಾಸ ಮಾಡುವ ಜಾಗಗಳು ಸಮುದ್ರ ಮಟ್ಟದಿಂದ 2,240 ಮೀಟರ್‌ವರೆಗೆ ಹಬ್ಬಿವೆ. ಗಾಳಿ ತೆಳುವಾದಷ್ಟೂ ಚೆಂಡಿಗೆ ತಡೆ ಕಡಿಮೆ. ಎತ್ತರವನ್ನು ಅಡಿಗಳಲ್ಲಿ ತೆಗೆದುಕೊಂಡು 0.00116ರಿಂದ ಗುಣಿಸಿದರೆ ಚೆಂಡು ಹೋಗುವ ದೂರದ ಶೇಕಡಾವಾರು ಹೆಚ್ಚಳ ಸಿಗುತ್ತದೆ. ಊಟಿಯ ಜಿಮ್‌ಖಾನಾ ಅಂಗಳ ಸುಮಾರು 7,350 ಅಡಿ, ಅಂದರೆ ಶೇಕಡಾ 8.5. ಹೊಸೂರು, ಬೆಂಗಳೂರು ಸುಮಾರು 3,000 ಅಡಿ, ಶೇಕಡಾ 3.5. ಕಾಸರಗೋಡಿನ ಕರಾವಳಿ ಸೊನ್ನೆ.

ಕಡಲ ತೀರದಲ್ಲಿ 150 ಗಜ ಹೋಗುವ 8ನೇ ಐರನ್ ಕ್ಲಬ್‌ನ ಹೊಡೆತ ಹೊಸೂರಿನಲ್ಲಿ 155, ಊಟಿಯಲ್ಲಿ 162–163. ಎರಡು ಐರನ್‌ಗಳ ನಡುವಿನ ಅಂತರವೇ 10–12 ಗಜ. ಊಟಿಯಲ್ಲಿ ಒಂದು ಪೂರ್ತಿ ಕ್ಲಬ್ ಬದಲಾಯಿತು, ಹೊಸೂರಿನಲ್ಲಿ ಅರ್ಧ. ತೊಂದರೆ ಆಗುವುದು ಆ ಅರ್ಧದಲ್ಲಿ. ಪೂರ್ತಿ ಕ್ಲಬ್ ವ್ಯತ್ಯಾಸ ಮೊದಲ ದಿನವೇ ಕಣ್ಣಿಗೆ ಬೀಳುತ್ತದೆ. ಅರ್ಧ ಕ್ಲಬ್ ವ್ಯತ್ಯಾಸ ಬಂದರೆ "ಇವತ್ತು ಸ್ವಿಂಗ್ ಸರಿಯಿಲ್ಲ" ಎನಿಸುತ್ತದೆ. ಹೊಸೂರಿನಲ್ಲಿ ಅಭ್ಯಾಸ ಮಾಡಿ ಕೋಲ್ಕತ್ತ, ಚೆನ್ನೈಗೆ ಹೋದವರ ಚೆಂಡು ಗ್ರೀನ್ (ಕುಳಿ ಇರುವ ನುಣುಪು ಹುಲ್ಲು) ಮುಂದಿನ ಬಂಕರ್‌ಗೆ (ಮರಳಗುಂಡಿ) ಬೀಳುತ್ತಲೇ ಇರುತ್ತದೆ, ಅವರು ಸ್ವಿಂಗ್ ತಿದ್ದುತ್ತಲೇ ಇರುತ್ತಾರೆ. ದೂರದ ಪಟ್ಟಿಯನ್ನು ಮೂರು ಕಾಲಮ್‌ಗಳಲ್ಲಿ ಬರೆದಿಡಿ: ಸಮುದ್ರ ಮಟ್ಟ, 900 ಮೀಟರ್, 2,200 ಮೀಟರ್. ಇನ್ನೂ ಒಂದು: ಎತ್ತರದಲ್ಲಿ ಸ್ಪಿನ್‌ನ ಹಿಡಿತವೂ ಕಡಿಮೆ. ಕರಾವಳಿಯಲ್ಲಿ ಸಲೀಸಾಗಿ ಬರುವ ಡ್ರಾ (ಬಲಗೈ ಆಟಗಾರನ ಚೆಂಡು ಎಡಕ್ಕೆ ತಿರುಗುವ ಹೊಡೆತ) ಊಟಿಯಲ್ಲಿ ಅಷ್ಟು ತಿರುಗದೆ ನೇರವಾಗಿ ಹೋಗಿ ಬಲಗಡೆ ಮರಕ್ಕೆ ಬೀಳುತ್ತದೆ.

ಸೊಲ್ಲಾಪುರ ಗಡಿ
ಹೊರದೇಶದ ಕೆಳಹಂತದ ಟೂರ್‌ಗಳು ಯಾವುವು? ಕಾರ್ಡ್ ಎಲ್ಲಿಂದ ಎಲ್ಲಿಗೆ ಸಿಗುತ್ತದೆ?

ಹೊಸೂರು ಫೇರ್‌ವೇ
ಹತ್ತಿರದ್ದು ಏಷ್ಯನ್ ಡೆವಲಪ್‌ಮೆಂಟ್ ಟೂರ್, 2010ರಿಂದ ಇದೆ. ವರ್ಷದ ಕೊನೆಯಲ್ಲಿ ಮೊದಲ 10 ಮಂದಿಗೆ ಏಷ್ಯನ್ ಟೂರ್ ಕಾರ್ಡ್. ನೇರವಾಗಿ ಹೋಗುವುದಾದರೆ ಏಷ್ಯನ್ ಟೂರ್‌ನದೇ ಕ್ಯೂ-ಸ್ಕೂಲ್ ಇದೆ. ಅದರ ಫೈನಲ್ ಥಾಯ್ಲೆಂಡಿನ ಹುವಾ ಹಿನ್‌ನಲ್ಲಿ 5 ಸುತ್ತು, 90 ಹೋಲ್. ಮೊದಲ 35 ಮತ್ತು ಸಮಾನ ಅಂಕದವರಿಗೆ ಕಾರ್ಡ್.

ಯುರೋಪಿನಲ್ಲಿ ಚಾಲೆಂಜ್ ಟೂರ್. 2025ರಿಂದ ಅದರ ಹೆಸರು ಹೋಟೆಲ್‌ಪ್ಲಾನರ್ ಟೂರ್. ಅಲ್ಲಿಂದ ಮೊದಲ 20 ಮಂದಿ ಯುರೋಪಿನ ಮೇಲ್ದರ್ಜೆಯ ಡಿಪಿ ವರ್ಲ್ಡ್ ಟೂರ್‌ಗೆ ಏರುತ್ತಾರೆ. ಈ ಟೂರ್‌ನ ಪಂದ್ಯ 2023ರಲ್ಲಿ ಬೆಂಗಳೂರಿನ ಕೆಜಿಎ (ಕರ್ನಾಟಕ ಗಾಲ್ಫ್ ಅಸೋಸಿಯೇಷನ್) ಅಂಗಳದಲ್ಲೇ ನಡೆದಿತ್ತು. ಪಿಜಿಟಿಐ ಜೊತೆ ಸೇರಿ ನಡೆಸುವ ಇಂಥ ಪಂದ್ಯಗಳಿಗೆ ನಮ್ಮ ಆರ್ಡರ್ ಆಫ್ ಮೆರಿಟ್‌ನಿಂದ ಸ್ಥಾನ ಸಿಗುತ್ತದೆ, ವೀಸಾ ಖರ್ಚಿಲ್ಲದೆ ಮೇಲಿನ ದರ್ಜೆಯ ಆಟ. 2023ರಲ್ಲಿ ಪಿಜಿಟಿಐ ಪಟ್ಟಿಯಲ್ಲಿ ಮೊದಲಿಗನಾದ ಓಂ ಪ್ರಕಾಶ್ ಚೌಹಾಣ್‌ಗೆ ಮರುವರ್ಷದ ಡಿಪಿ ವರ್ಲ್ಡ್ ಟೂರ್ ಕಾರ್ಡ್ ಬಂತು. ಅವರು ಮಧ್ಯಪ್ರದೇಶದ ಮ್ಹೌನವರು, ಕ್ಯಾಡಿಯಾಗಿ ಶುರುಮಾಡಿದವರು. ಬೆಂಗಳೂರಿನ ಸಿ. ಮುನಿಯಪ್ಪ ಕೂಡ ಕೆಜಿಎಯಲ್ಲಿ ಕ್ಯಾಡಿಯಾಗಿದ್ದು 2009ರಲ್ಲಿ ಇಂಡಿಯನ್ ಓಪನ್ ಗೆದ್ದರು. ಅಂದರೆ ನಮ್ಮ ಟೂರ್‌ನಲ್ಲೇ ನಿಂತು ಮೇಲೆ ಹೋಗುವ ದಾರಿ ನಿಜವಾಗಿಯೂ ಇದೆ.

ಅಮೆರಿಕದಲ್ಲಿ ಎರಡು ಹಂತ. ಕೆಳಗೆ ಪಿಜಿಎ ಟೂರ್ ಅಮೆರಿಕಾಸ್ (ಕೆನಡಾ ಮತ್ತು ಲ್ಯಾಟಿನ್ ಅಮೆರಿಕದ ಟೂರ್‌ಗಳನ್ನು ಕೂಡಿಸಿ 2024ರಲ್ಲಿ ಮಾಡಿದ್ದು), ಅಲ್ಲಿಂದ ಮೊದಲ 10 ಮಂದಿ ಕಾರ್ನ್ ಫೆರಿ ಟೂರ್‌ಗೆ. ಕಾರ್ನ್ ಫೆರಿ 1990ರಲ್ಲಿ ಬೆನ್ ಹೋಗನ್ ಟೂರ್ ಎಂದು ಶುರುವಾಗಿ ನೈಕಿ, ನೇಷನ್‌ವೈಡ್, ವೆಬ್‌ಡಾಟ್‌ಕಾಮ್ ಎಂದೆಲ್ಲ ಹೆಸರು ಬದಲಿಸಿಕೊಂಡು 2019ರಲ್ಲಿ ಈಗಿನ ಹೆಸರಿಗೆ ಬಂದಿದೆ. ಮೊದಲು ಅಲ್ಲಿಂದ 30 ಮಂದಿಗೆ ಅಮೆರಿಕದ ಮುಖ್ಯ ಟೂರ್ ಆದ ಪಿಜಿಎ ಟೂರ್‌ನ ಕಾರ್ಡ್ ಸಿಗುತ್ತಿತ್ತು, 2025ರಿಂದ 20ಕ್ಕೆ ಇಳಿಸಿದ್ದಾರೆ. ಒಂದೇ ಸೀಸನ್‌ನಲ್ಲಿ ಮೂರು ಪಂದ್ಯ ಗೆದ್ದರೆ ವರ್ಷಾಂತ್ಯ ಕಾಯದೆ ಬಡ್ತಿ.

ಅಲ್ಲಿನ ಮಟ್ಟ ಗೊತ್ತಿರಲಿ. ಎರಡು ದಿನಕ್ಕೆ 3 ಅಂಡರ್ (ಪಾರ್‌ಗಿಂತ 3 ಹೊಡೆತ ಕಡಿಮೆ) ಆಡಿ ಕಟ್ ತಪ್ಪುವುದು ಅಲ್ಲಿ ಮಾಮೂಲು. ಗೆಲ್ಲಲು ಬಹಳ ವಾರ 20 ಅಂಡರ್ ಬೇಕು. ಪಾರ್-5 ಹೋಲ್‌ಗಳಲ್ಲಿ ಬರ್ಡಿ (ಪಾರ್‌ಗಿಂತ ಒಂದು ಹೊಡೆತ ಕಡಿಮೆ) ಮಾಡದವರಿಗೆ ಅಲ್ಲಿ ಜಾಗ ಇಲ್ಲ. ಕೇವಲ ತಪ್ಪು ಮಾಡದೆ ಪಾರ್ ಹೊಡೆಯುವ ಆಟ ಬಿಗಿಯಾದ ದೆಹಲಿಯ ಅಂಗಳದಲ್ಲಿ ಹಣ ತರುತ್ತದೆ, ಅಲ್ಲಿ ತರುವುದಿಲ್ಲ.

ಬದಿಯಡ್ಕ ಲೆಕ್ಕ
ಅಮೆರಿಕಕ್ಕೆ ಹೋಗುವವರಿಗೆ ಎರಡು ಕಾಗದದ ಕೆಲಸ. ಬಹುಮಾನದ ಹಣ ಬಿಟ್ಟು ಬೇರೆ ಸಂಬಳ ಇಲ್ಲದ ಆಟಗಾರ ಬಿ-1 ವೀಸಾದಲ್ಲಿ ಪಂದ್ಯ ಆಡಬಹುದು. ಟೂರ್ ಸದಸ್ಯತ್ವದೊಂದಿಗೆ ದೀರ್ಘಕಾಲ ಆಡುವವರು ಪಿ-1 ಪಡೆಯುತ್ತಾರೆ. ಎರಡನೆಯದು, ವಿದೇಶಿ ಆಟಗಾರನ ಬಹುಮಾನದಲ್ಲಿ ಶೇಕಡಾ 30 ಮೊದಲೇ ಹಿಡಿಯುತ್ತಾರೆ. ಅಲ್ಲಿನ ತೆರಿಗೆ ಗುರುತಿನ ಸಂಖ್ಯೆ ಪಡೆದು, ವರ್ಷದ ಕೊನೆಗೆ 1040-ಎನ್‌ಆರ್ ಅರ್ಜಿಯಲ್ಲಿ ಖರ್ಚು ತೋರಿಸಿದರೆ ಹೆಚ್ಚುವರಿಯಾಗಿ ಹಿಡಿದದ್ದು ವಾಪಸ್ ಬರುತ್ತದೆ. ಅದಕ್ಕೆ ಪ್ರತಿ ಬಿಲ್ಲೂ ಬೇಕು: ಕ್ಯಾಡಿಗೆ ಕೊಟ್ಟದ್ದು, ಕೋಣೆ, ಪ್ರವೇಶ ಶುಲ್ಕ. ಕ್ಯಾಡಿಗೆ ಕೈಯಲ್ಲಿ ಕೊಟ್ಟ ನಗದಿಗೂ ಸಹಿ ಹಾಕಿಸಿಕೊಳ್ಳಿ. ಅಲ್ಲಿ ರೂಢಿಯ ಲೆಕ್ಕ ವಾರದ ಕೂಲಿ, ಮೇಲೆ ಕಟ್ ದಾಟಿದರೆ ಬಹುಮಾನದ ಶೇಕಡಾ 5, ಮೊದಲ ಹತ್ತರೊಳಗೆ ಬಂದರೆ 7, ಗೆದ್ದರೆ 10.

ತಾಳವಾಡಿ ಬೆಟ್ಟ
ನನ್ನ ಅಭಿಪ್ರಾಯ ಬೇರೆ. 17–18ರ ಮಕ್ಕಳಿಗೆ ಟೂರ್‌ಗಿಂತ ಅಮೆರಿಕದ ಕಾಲೇಜು ಗಾಲ್ಫ್ ಒಳ್ಳೆಯದು. ವಿದ್ಯಾರ್ಥಿವೇತನ, ಓದು, ವರ್ಷಪೂರ್ತಿ ಪಂದ್ಯ. ಈಗ ಪಿಜಿಎ ಟೂರ್ ಯೂನಿವರ್ಸಿಟಿ ಎಂಬ ಪಟ್ಟಿ ಇದೆ: ಕೊನೆಯ ವರ್ಷದ ಆಟಗಾರರಲ್ಲಿ ಮೊದಲಿಗನಿಗೆ ಪಿಜಿಎ ಟೂರ್, 2ರಿಂದ 10ಕ್ಕೆ ಕಾರ್ನ್ ಫೆರಿ, ಅದರ ನಂತರದವರಿಗೆ ಅಮೆರಿಕಾಸ್.

ಹೊಸೂರು ಫೇರ್‌ವೇ
ಸಿಕ್ಕರೆ ಒಳ್ಳೆಯದೇ, ತಕರಾರಿಲ್ಲ. ಆದರೆ ಕೋಚ್‌ಗಳು ನೋಡುವುದು 10, 11ನೇ ತರಗತಿಯ ಹೊತ್ತಿನ ಪಂದ್ಯದ ಅಂಕಗಳನ್ನು. ಪಿಯುಸಿ ಮುಗಿದ ಮೇಲೆ ಯೋಚಿಸಿದರೆ ತಡ. ಪೂರ್ತಿ ವಿದ್ಯಾರ್ಥಿವೇತನವೂ ಹುಡುಗರಿಗೆ ಅಪರೂಪ, ಹೆಚ್ಚಿನದು ಭಾಗಶಃ. ಹುಡುಗಿಯರಿಗೆ ಸಾಧ್ಯತೆ ಹೆಚ್ಚು. ಕುಂಬಳೆಯವರು ಕೇಳಿದ ಮಕ್ಕಳಲ್ಲಿ 8, 9ನೇ ತರಗತಿಯವರೂ ಇದ್ದರೆ ಈ ದಾರಿಯನ್ನು ಅವರಿಗೆ ಹೇಳಿ.

ಕುಂಬಳೆ ಕಡಲು
ಹುಡುಗಿಯರೂ ಇದ್ದಾರೆ. ಅವರಿಗೆ ಮೆಟ್ಟಿಲು?

ಉದಕಮಂಡಲ ಹಸಿರು
ದೇಶದೊಳಗೆ ಮಹಿಳಾ ಪ್ರೊ ಗಾಲ್ಫ್ ಟೂರ್ ಇದೆ, ಪಂದ್ಯ 3 ಸುತ್ತು, 54 ಹೋಲ್. ಯುರೋಪಿನಲ್ಲಿ ಕೆಳಹಂತಕ್ಕೆ ಎಲ್‌ಇಟಿ ಆಕ್ಸೆಸ್ ಸೀರೀಸ್, ಮೇಲೆ ಲೇಡೀಸ್ ಯುರೋಪಿಯನ್ ಟೂರ್. ಅಮೆರಿಕದಲ್ಲಿ ಎಪ್ಸನ್ ಟೂರ್, ಅದರ ಮೇಲೆ ಎಲ್‌ಪಿಜಿಎ. ಬೆಂಗಳೂರಿನ ಅದಿತಿ ಅಶೋಕ್ 2015ರ ಕೊನೆಗೆ ಯುರೋಪಿನ ಕ್ಯೂ-ಸ್ಕೂಲ್ ಗೆದ್ದು ಮರುವರ್ಷವೇ ಮಹಿಳಾ ಇಂಡಿಯನ್ ಓಪನ್ ಗೆದ್ದರು. ಮೈಸೂರಿನ ಪ್ರಣವಿ ಅರಸ್ ದೇಶದ ಟೂರ್‌ನಲ್ಲಿ ಗೆದ್ದು ಯುರೋಪಿಗೆ ಹೋದವರು. ಒಂದು ಎಚ್ಚರ: 54 ಹೋಲ್ ಪಂದ್ಯದಲ್ಲಿ ಒಂದು ಕೆಟ್ಟ ಸುತ್ತನ್ನು ಸರಿಪಡಿಸಿಕೊಳ್ಳಲು ಸಮಯ ಇಲ್ಲ. ಮೊದಲ ದಿನದ ಮೊದಲ ಆರು ಹೋಲಿಗೆ ತಯಾರಿ ಬೇಕೇಬೇಕು.

ಸೊಲ್ಲಾಪುರ ಗಡಿ
ಲೋಕ ಶ್ರೇಯಾಂಕದ ಅಂಕ ಕೆಳಹಂತದಲ್ಲೂ ಸಿಗುತ್ತದೆಯೇ?

ಬದಿಯಡ್ಕ ಲೆಕ್ಕ
ಸಿಗುತ್ತದೆ, ಪಿಜಿಟಿಐ, ಏಷ್ಯನ್ ಡೆವಲಪ್‌ಮೆಂಟ್ ಎರಡರಲ್ಲೂ. ಎದುರಾಳಿಗಳು ಎಷ್ಟು ಬಲವಾಗಿದ್ದಾರೆ ಎಂಬುದರ ಮೇಲೆ ಅಂಕ. ಗಳಿಸಿದ ಅಂಕ 13 ವಾರ ಪೂರ್ತಿ ಇರುತ್ತದೆ, ಆಮೇಲೆ ವಾರವಾರ ಕರಗಿ 104 ವಾರಕ್ಕೆ ಸೊನ್ನೆ. ಒಟ್ಟನ್ನು ಆಡಿದ ಪಂದ್ಯಗಳಿಂದ ಭಾಗಿಸುತ್ತಾರೆ, ಕನಿಷ್ಠ ಭಾಜಕ 40. ಎರಡು ವರ್ಷದಲ್ಲಿ 15 ಪಂದ್ಯ ಮಾತ್ರ ಆಡಿದರೂ ಭಾಗಿಸುವುದು 40ರಿಂದಲೇ. ಮೊದಲ ವರ್ಷ ಇದರ ಯೋಚನೆ ಬೇಡ.

ಹೊಸೂರು ಫೇರ್‌ವೇ
ಹೊಸಬರು ಹೊಡೆತ ಕಳೆದುಕೊಳ್ಳುವುದು ಆಟದಲ್ಲಿ ಮಾತ್ರ ಅಲ್ಲ, ನಿಯಮದಲ್ಲಿ. ಟೀ ಸಮಯಕ್ಕೆ 5 ನಿಮಿಷದೊಳಗೆ ತಡವಾದರೆ 2 ಹೊಡೆತ ದಂಡ, ಅದಕ್ಕಿಂತ ತಡವಾದರೆ ಅನರ್ಹ. ಕಳೆದ ಚೆಂಡು ಹುಡುಕಲು 3 ನಿಮಿಷ ಮಾತ್ರ. ದೂರ ಅಳೆಯುವ ಯಂತ್ರದಲ್ಲಿ ಇಳಿಜಾರು ಲೆಕ್ಕ ಹಾಕುವ ಗುಂಡಿ ಆನ್ ಇಟ್ಟು ಬಳಸಿದರೆ ಮೊದಲ ಸಲ 2 ಹೊಡೆತ, ಎರಡನೆಯ ಸಲ ಅನರ್ಹ. ಅಭ್ಯಾಸದಲ್ಲಿ ಆನ್ ಮಾಡಿ ಮರೆತೇಬಿಡುತ್ತಾರೆ. ಬ್ಯಾಗಿನಲ್ಲಿ 14 ಕ್ಲಬ್ ಮಾತ್ರ. ಹಿಂದಿನ ಸಂಜೆ ರೇಂಜ್‌ನಲ್ಲಿ ಹೊಡೆದು ನೋಡಿದ ಎರಡನೆಯ ವೆಜ್ ಅಲ್ಲೇ ಉಳಿದಿರುತ್ತದೆ, ಮೊದಲ ಟೀಯಲ್ಲಿ ಎಣಿಸಿ.

ಸ್ಕೋರ್‌ಕಾರ್ಡ್. ಒಂದು ಹೋಲಿನಲ್ಲಿ 5 ಹೊಡೆದು 4 ಎಂದಿರುವ ಕಾರ್ಡ್‌ಗೆ ಸಹಿ ಹಾಕಿದರೆ ಅನರ್ಹ. 5ನ್ನು 6 ಎಂದು ಬರೆದು ಸಹಿ ಹಾಕಿದರೆ 6 ಉಳಿಯುತ್ತದೆ. ಒಟ್ಟು ಕೂಡುವುದು ಸಮಿತಿಯ ಕೆಲಸ, ಹೋಲ್‌ವಾರು ಅಂಕ ನಿಮ್ಮ ಹೊಣೆ. ಸ್ಕೋರಿಂಗ್ ಕೋಣೆಯಲ್ಲಿ ಕೂತು, ಮಾರ್ಕರ್ (ನಿಮ್ಮ ಅಂಕ ಬರೆದ ಸಹ ಆಟಗಾರ) ಒಂದೊಂದೇ ಹೋಲ್ ಗಟ್ಟಿಯಾಗಿ ಓದಬೇಕು, ನೀವು ಯಾವ ಕ್ಲಬ್‌ನಿಂದ ಹೊಡೆದಿರಿ ಎಂದು ನೆನೆದು ಬೆರಳು ಇಟ್ಟು ಒಪ್ಪಬೇಕು. ಎರಡು ನಿಮಿಷದ ಕೆಲಸ.

ವಿಮಾನದಲ್ಲಿ ಕ್ಲಬ್ ಕಳಿಸುವಾಗ ಡ್ರೈವರ್ (ದೂರ ಹೊಡೆಯುವ ಉದ್ದದ ಕ್ಲಬ್) ತಲೆ ಕಳಚಿ ಬಟ್ಟೆಯಲ್ಲಿ ಸುತ್ತಿ, ಬ್ಯಾಗಿನ ನಡುವೆ ಡ್ರೈವರ್‌ಗಿಂತ ಉದ್ದದ ಗಟ್ಟಿ ಕೋಲು ನಿಲ್ಲಿಸಿ. ಬ್ಯಾಗ್ ತಲೆಕೆಳಗಾಗಿ ಬಿದ್ದರೆ ಪೆಟ್ಟು ಕೋಲಿಗೆ. ಆಟದ ನಡುವೆ ಡ್ರೈವರ್ ಮುಖ ಬಿರುಕು ಬಿಟ್ಟರೆ, ಕೋಪದಲ್ಲಿ ಕುಟ್ಟಿದ್ದಲ್ಲದಿದ್ದರೆ, 2023ರ ನಿಯಮದಂತೆ ಬದಲಿ ತೆಗೆದುಕೊಳ್ಳಬಹುದು.

ತಾಳವಾಡಿ ಬೆಟ್ಟ
ಅಭ್ಯಾಸ ಸುತ್ತಿನ ಬಗ್ಗೆ. ಹೊಸಬರು ಅಂದು ಸ್ಕೋರ್ ಬರೆಯುತ್ತಾರೆ, ಅದು ವ್ಯರ್ಥ. ಪ್ರತಿ ಗ್ರೀನ್‌ನಲ್ಲಿ ಮುಂದಿನ ನಾಲ್ಕು ದಿನ ಕುಳಿ ಇಡಬಹುದಾದ ನಾಲ್ಕು ಮೂಲೆಗೆ ಟೀ ಕಡ್ಡಿ ಚುಚ್ಚಿ ಅಲ್ಲಿಗೆ ಪಟ್, ಚಿಪ್ ಮಾಡಿ. ಗ್ರೀನ್ ಮುಂದಂಚಿಗೆ ಎಷ್ಟು ಗಜ, ಯಾವ ಬದಿ ತಪ್ಪಿದರೆ ಬದುಕಬಹುದು, ಇಷ್ಟು ಬರೆಯಿರಿ.

ಬರ್ಮುಡಾ ಹುಲ್ಲಿನ ಗ್ರೀನ್‌ನಲ್ಲಿ ಹುಲ್ಲು ಒರಗಿರುವ ದಿಕ್ಕು ನೋಡಲು ಬಾಗಿ ಕುಳಿಯ ಅಂಚು ನೋಡಿ. ಬೆಳಿಗ್ಗೆ ಕತ್ತರಿಸಿದ ಕುಳಿಯ ಒಂದು ಬದಿ ಚಾಕುವಿನಲ್ಲಿ ಕೊಯ್ದಂತೆ ಚೊಕ್ಕ, ಎದುರು ಬದಿ ಮಧ್ಯಾಹ್ನದ ಹೊತ್ತಿಗೆ ಕಂದಿ, ಚೂರುಚೂರಾಗಿ ಕಿತ್ತಂತೆ ಇರುತ್ತದೆ. ಹುಲ್ಲು ಒರಗಿರುವುದು ಆ ಕಿತ್ತ ಬದಿಯತ್ತ. ಆ ದಿಕ್ಕಿಗೆ ಪಟ್ ಬೇಗ ಓಡುತ್ತದೆ, ಹುಲ್ಲು ಹೊಳೆಯುವಂತೆ ಕಾಣುತ್ತದೆ. ಎದುರು ದಿಕ್ಕಿನಲ್ಲಿ ಗಾಢ ಹಸಿರು, ಪಟ್ ಕುಂಟುತ್ತದೆ.

ಕುಂಬಳೆ ಕಡಲು
ಇಷ್ಟು ವಿವರ ಸಿಕ್ಕಿದ್ದಕ್ಕೆ ಮನಸಾರೆ ಕೃತಜ್ಞತೆ. ಕೊನೆಯದಾಗಿ ಒಂದು: ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್ ಬಿಡದ ಮಳೆ. ನಾಲ್ಕು ತಿಂಗಳು ಮಕ್ಕಳು ಏನು ಮಾಡಬೇಕು?

ಉದಕಮಂಡಲ ಹಸಿರು
ಮ್ಯಾಟ್ ಮೇಲೆ ಡ್ರೈವರ್ ಹೊಡೆಯುತ್ತಾ ಕೂರುವುದು ಬೇಡ. ಮ್ಯಾಟ್‌ನಲ್ಲಿ ಚೆಂಡಿನ ಹಿಂದೆ ಒಂದು ಅಂಗುಲ ನೆಲಕ್ಕೆ ಬಿದ್ದರೂ ಕ್ಲಬ್ ಜಾರಿ ಚೆಂಡು ಚೆನ್ನಾಗಿಯೇ ಹೋಗುತ್ತದೆ. ಅದೇ ಹೊಡೆತ ಒದ್ದೆ ಮಣ್ಣಿನಲ್ಲಿ 20 ಗಜ ಕಡಿಮೆ. ಮ್ಯಾಟ್ ಮೇಲೆ ಚೆಂಡಿನ ಹಿಂದೆ ನಾಲ್ಕು ಅಂಗುಲದಲ್ಲಿ ಮಡಿಸಿದ ಬಟ್ಟೆ ಇಟ್ಟು, ಅದನ್ನು ಮುಟ್ಟದೆ ಹೊಡೆಯಲಿ. ಮ್ಯಾಟ್ ಹೊಡೆತಕ್ಕೆ ಫೋರ್ಜ್ಡ್ ಐರನ್‌ಗಳ ಲಾಫ್ಟ್ (ಮುಖದ ಓರೆ) ಒಂದೆರಡು ಡಿಗ್ರಿ ಬಾಗುವುದೂ ಉಂಟು, ಮಳೆಗಾಲ ಮುಗಿದ ಮೇಲೆ ಯಂತ್ರದಲ್ಲಿ ಅಳೆಸಿ.

ಹೊರಗೆ ಬಿಡುವು ಸಿಕ್ಕಾಗ ವೆಜ್ ಮಾತ್ರ. ನಾಲ್ಕು ವೆಜ್, ಪ್ರತಿಯೊಂದಕ್ಕೂ ಸೊಂಟ, ಎದೆ, ಭುಜದ ಮಟ್ಟದ ಮೂರು ಹಿಂದೆಳೆತ, ಒಟ್ಟು 12 ದೂರ. ಪ್ರತಿಯೊಂದಕ್ಕೂ 10 ಚೆಂಡು ಹೊಡೆದು ಬಿದ್ದ ಜಾಗವನ್ನು ಹೆಜ್ಜೆಯಲ್ಲಿ ಅಳೆದು ಸರಾಸರಿ ಬರೆಯಿರಿ, ಉರುಳಿ ನಿಂತ ಜಾಗ ಬೇಡ. ಮನೆಯೊಳಗೆ ಪಟ್: ಪಿಜಿಎ ಟೂರ್‌ನಲ್ಲೇ 8 ಅಡಿಯ ಪಟ್ ಬೀಳುವುದು ನೂರಕ್ಕೆ 50, ಹಾಗಾಗಿ ಅದರ ಬಗ್ಗೆ ಕೊರಗಬೇಡ ಎಂದು ಮಕ್ಕಳಿಗೆ ಹೇಳಿ. 4 ಅಡಿಯದ್ದನ್ನು ಮಾತ್ರ ಬಿಡಬಾರದು. ಪಟರ್ ತಲೆಗಿಂತ ಸ್ವಲ್ಪ ಅಗಲಕ್ಕೆ ಎರಡು ಟೀ ನಿಲ್ಲಿಸಿ, ನಡುವಿನಿಂದ ದಿನಕ್ಕೆ 100.

ಕರಾವಳಿಯ ಉಪ್ಪು ಗಾಳಿಗೆ ಲೇಪನ ಇಲ್ಲದ ವೆಜ್‌ಗಳು ವಾರದಲ್ಲೇ ತುಕ್ಕು ಹಿಡಿಯುತ್ತವೆ. ತೆಳುವಾಗಿ ಎಣ್ಣೆ ಒರೆಸಿ ಒಣ ಬಟ್ಟೆಯಲ್ಲಿಡಿ, ಆಡುವ ಮೊದಲು ಗ್ರೂವ್‌ನಲ್ಲಿ ಎಣ್ಣೆ ಉಳಿಯದಂತೆ ಸೋಪಿನಲ್ಲಿ ತೊಳೆಯಿರಿ. ಗ್ರಿಪ್‌ಗಳನ್ನು ಅಕ್ಟೋಬರ್ ಮೊದಲ ವಾರ ಬದಲಿಸಿ, ಅದಕ್ಕೆ ಮುಂಚೆ ಬದಲಿಸಿದರೆ ಮತ್ತೆ ಬೂಸ್ಟು ಹಿಡಿಯುತ್ತದೆ.